ರಾಜ್‌ಕುಮಾರ್: ಕಂಪನಿ ನಾಟಕ ಪಳಗಿಸಿದ ಕಂಠ

ಏಪ್ರಿಲ್ ಬಂತೆಂದರೆ ಪತ್ರಿಕೆ, ಟಿ.ವಿ., ಮೊಬೈಲು ಎಲ್ಲ ಕಡೆಯೂ ರಾಜ್‌ಕುಮಾರ್ ತುಂಬಿಕೊಳ್ಳುತ್ತಾರೆ. 12ರಂದು ಪುಣ್ಯಸ್ಮರಣೆ, 24ರಂದು ಹುಟ್ಟುಹಬ್ಬ. ಎರಡೂ ದಿನ ಕಿವಿಗೆ ಬೀಳುವ ಮಾತು ಒಂದೇ: ಇನ್ನೊಬ್ಬ ಅಣ್ಣಾವ್ರು ಹುಟ್ಟಿ ಬರುವುದಿಲ್ಲ. ಮಾತೇನೋ ನಿಜ. ಆದರೆ ಅದನ್ನು ವಿಧಿಯ ಮಾತಿನಂತೆ ಆಡಿ ಸುಮ್ಮನಾಗುತ್ತೇವೆ. ಹುಟ್ಟು ದೈವದ ಲೆಕ್ಕಕ್ಕೆ ಸೇರಿದ್ದಿರಬಹುದು. ನಟನ ತಯಾರಿ ಹಾಗಲ್ಲ. ಅದಕ್ಕೆ ಜಾಗ ಬೇಕು, ಮೇಷ್ಟರು ಬೇಕು, ದಿನಚರಿ ಬೇಕು, ತಪ್ಪಿದರೆ ಕೂಗಿ ಹೇಳುವ ಪ್ರೇಕ್ಷಕ ಬೇಕು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮುತ್ತುರಾಜ, 1954ರಲ್ಲಿ ‘ಬೇಡರ ಕಣ್ಣಪ್ಪ’ದ ರಾಜ್‌ಕುಮಾರ್ ಆಗಿ ಕ್ಯಾಮೆರಾ ಮುಂದೆ ನಿಂತಾಗ ಈ ನಾಲ್ಕನ್ನೂ ಬಾಲ್ಯದಿಂದಲೇ ಉಂಡು ಬಂದಿದ್ದರು. ಇನ್ನು ಕೆಲವೇ ವರ್ಷಗಳಲ್ಲಿ, 2029ಕ್ಕೆ, ಅವರ ಜನ್ಮಶತಮಾನೋತ್ಸವ. ಪ್ರತಿಮೆ, ರಸ್ತೆಯ ಹೆಸರು, ಸ್ಮಾರಕಗಳ ಚರ್ಚೆ ತಾನಾಗಿಯೇ ನಡೆಯುತ್ತದೆ. ನಡೆಯದಿರುವುದು ಅವರ ಕಸುಬಿನ ಚರ್ಚೆ: ಆ ದನಿ, ಆ ಉಚ್ಚಾರ, ಆ ಮೈಕಟ್ಟು ಎಲ್ಲಿ ತಯಾರಾದವು, ಈಗ ಅಂಥದ್ದು ಏಕೆ ತಯಾರಾಗುತ್ತಿಲ್ಲ?

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಊರೂರಿಗೆ ಹೋಗಿ ಟೆಂಟು ಹಾಕಿ ನಾಟಕವಾಡುವ ವೃತ್ತಿ ತಂಡವಾದ ಗುಬ್ಬಿ ಕಂಪನಿಯ ನಟರು. ಕಂಸ, ರಾವಣ, ಹಿರಣ್ಯಕಶಿಪುವಿನಂಥ ರೌದ್ರ ಪಾತ್ರಗಳಿಗೆ ಹೆಸರಾದವರು. ಮಗ ಪ್ರಾಥಮಿಕ ಶಾಲೆಯನ್ನೂ ಪೂರೈಸದೆ ಅದೇ ಕಂಪನಿಗೆ ಬಂದ. ಆಮೇಲೆ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಹಲವು ವರ್ಷ ದುಡಿದ. ಎರಡೂ ಸಾಮಾನ್ಯ ಮನೆಗಳಲ್ಲ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ 1884ರಷ್ಟು ಹಿಂದಿನದು. ವೀರಣ್ಣನವರ ಕಾಲಕ್ಕೆ ಅದು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ. ಸುಬ್ಬಯ್ಯ ನಾಯ್ಡು ಅವರೋ, 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಇಂದ್ರಜಿತು. ಹೀಗೆ ಹುಡುಗನಿಗೆ ರಂಗಭೂಮಿಯೂ ಸಿನಿಮಾವೂ ಅಕ್ಕಪಕ್ಕದ ಕೋಣೆಗಳಾಗಿಯೇ ಪರಿಚಯವಾದವು. ‘ಬೇಡರ ಕಣ್ಣಪ್ಪ’ಕ್ಕೆ ಅವರನ್ನು ಆರಿಸಿ ರಾಜ್‌ಕುಮಾರ್ ಎಂದು ಹೆಸರಿಟ್ಟ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರೂ ರಂಗಭೂಮಿಯವರೇ. ಜೊತೆಗಾರರಾಗಿದ್ದ ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ ಅದೇ ನೀರು ಕುಡಿದವರು.

ಕಂಪನಿಯಲ್ಲಿ ಪಾಠ ಎಂಬುದು ಪ್ರತ್ಯೇಕವಾಗಿ ಇರುತ್ತಿರಲಿಲ್ಲ. ಹುಡುಗ ಮೊದಲು ಗೋಪಾಲ ಬಾಲಕನೋ ಋಷಿಕುಮಾರನೋ ಆಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾನೆ. ಹಗಲು ಪರದೆ ಕಟ್ಟುವುದು, ಬಣ್ಣದ ಪೆಟ್ಟಿಗೆ ಹೊರುವುದು, ಹೇಳಿದ ಚಾಕರಿ ಮಾಡುವುದು. ರಾತ್ರಿ ರಂಗದ ಪಕ್ಕದ ಪರದೆಯ (ವಿಂಗಿನ) ಮರೆಯಲ್ಲಿ ನಿಂತು ದೊಡ್ಡವರ ಪಾರ್ಟುಗಳನ್ನು ಕೇಳುವುದು. ಒಂದೇ ನಾಟಕ ಒಂದೇ ಕ್ಯಾಂಪಿನಲ್ಲಿ ಹತ್ತಾರು ರಾತ್ರಿ ನಡೆದರೆ ಎಲ್ಲರ ಮಾತೂ ಕಿವಿಯಿಂದಲೇ ಬಾಯಿಗೆ ಬರುತ್ತದೆ. ರಾಜಾಪಾರ್ಟಿನವನಿಗೆ ಜ್ವರ ಬಂದ ದಿನ ಯಾರಿಗೆ ಮಾತು ಬರುತ್ತದೋ ಅವನಿಗೆ ಕಿರೀಟ. ಬಡ್ತಿ ಸಿಗುತ್ತಿದ್ದದ್ದು ಹಾಗೆ. ಇದರಿಂದ ನಟನಿಗೆ ಎರಡು ಲಾಭ: ನೆನಪು ಅಕ್ಷರದ ಮೇಲೆ ನಿಲ್ಲದೆ ನಾದದ ಮೇಲೆ ನಿಲ್ಲುತ್ತದೆ, ತನ್ನ ಮಾತಷ್ಟೇ ಅಲ್ಲ, ಎದುರಿನವನ ಮಾತೂ ಗೊತ್ತಿರುವುದರಿಂದ ಕೇಳಿಸಿಕೊಳ್ಳುವ ಅಭಿನಯ ತಾನಾಗಿ ಬರುತ್ತದೆ. ತೆರೆಯ ಮೇಲೆ ರಾಜ್‌ಕುಮಾರ್ ಸುಮ್ಮನೆ ನಿಂತು ಇನ್ನೊಬ್ಬರ ಮಾತು ಕೇಳುವ ದೃಶ್ಯಗಳನ್ನು ಗಮನಿಸಿ. ‘ಕಸ್ತೂರಿ ನಿವಾಸ’ದ ಅರ್ಧ ಶಕ್ತಿ ಅಲ್ಲಿದೆ.

ಹಾರ್ಮೋನಿಯಂ ಮೇಷ್ಟರ ಪಾತ್ರವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ರಾಜ್‌ಕುಮಾರ್ ಮಾತಿನ ಗುಟ್ಟು ಅಲ್ಲಿದೆ ಎಂಬುದು ನಮ್ಮ ವಾದ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಹಾಡಿಗಷ್ಟೇ ಅಲ್ಲ. ಗದ್ಯದ ಮಾತು ನಡೆಯುವಾಗಲೂ ಕೆಳಗೆ ಶ್ರುತಿ, ಅಂದರೆ ಆಧಾರ ಸ್ವರ, ಹಿಡಿದಿರುತ್ತದೆ. ನಟ ಮಾತಾಡುತ್ತಾ ಆಡುತ್ತಾ ವಾಕ್ಯದ ಕೊನೆಗೆ ಆಧಾರ ಷಡ್ಜಕ್ಕೋ (ಸ) ಪಂಚಮಕ್ಕೋ (ಪ) ಬಂದು ನಿಲ್ಲುತ್ತಾನೆ, ಅಲ್ಲಿಂದ ಕಂದ, ವೃತ್ತದಂಥ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಮಾತು ಎಲ್ಲಿ ಮುಗಿಯಿತು, ಪದ್ಯ ಎಲ್ಲಿ ಶುರುವಾಯಿತು ಎಂದು ಪ್ರೇಕ್ಷಕನಿಗೆ ಗೆರೆ ಕಾಣಬಾರದು. ವರ್ಷಗಟ್ಟಲೆ ಹೀಗೆ ಆಡಿದವನ ಗದ್ಯಕ್ಕೂ ಒಂದು ಶ್ರುತಿ ಕೂತುಬಿಡುತ್ತದೆ. ‘ಬಭ್ರುವಾಹನ’ದ ಅರ್ಜುನ-ಬಭ್ರುವಾಹನರ ವಾಗ್ವಾದವನ್ನು ಕಣ್ಣು ಮುಚ್ಚಿ ಕೇಳಿದರೆ ಸಾಕು: ಮಾತಿನ ಕೊನೆಯ ಅಕ್ಷರ ಇಳಿದು ನಿಂತ ಜಾಗದಿಂದಲೇ ಪದ್ಯ ಏಳುತ್ತದೆ. 1977ರ ಆ ಚಿತ್ರದ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಕೂಡ ಕಂಪನಿಗಳಲ್ಲಿ ಪಳಗಿದವರು ಎಂಬುದು ಆಕಸ್ಮಿಕವಲ್ಲ.

ಇನ್ನು ಉಸಿರು. ಮೈಕಿಲ್ಲದ ಟೆಂಟಿನಲ್ಲಿ, ತಗಡಿನ ಮೇಲೆ ಮಳೆ ಬೀಳುತ್ತಿದ್ದರೂ ಕೊನೆಯ ಬೆಂಚಿನವನಿಗೆ ಪ್ರತಿ ಅಕ್ಷರ ಮುಟ್ಟಬೇಕು. ಗಂಟಲು ಹರಿದುಕೊಂಡು ಕೂಗುವವನು ವಾರದಲ್ಲಿ ದನಿ ಕಳೆದುಕೊಳ್ಳುತ್ತಾನೆ. ಹೊಸಬರು ಮಾಡುವ ತಪ್ಪು ಅದೇ: ಎದೆ ಮೇಲೆತ್ತಿ ಉಸಿರು ಎಳೆದುಕೊಳ್ಳುವುದು. ಅದರಿಂದ ಕತ್ತಿನ ನರ ಬಿಗಿಯುತ್ತದೆ, ದನಿ ಮೂಗಿಗೆ ಏರುತ್ತದೆ, ವಾಕ್ಯದ ಕೊನೆಯ ಎರಡು ಪದ ಗಾಳಿಗೆ ಹೋಗುತ್ತವೆ. ಹಳೆಯವರು ನಾಭಿಯಿಂದ ಎತ್ತು ಎನ್ನುತ್ತಿದ್ದರು. ಅಂದರೆ ಹೊಟ್ಟೆಯ ಸ್ನಾಯು ಉಸಿರನ್ನು ಹಿಡಿದು ಹಿಡಿದು ಬಿಡಬೇಕು, ಗಂಟಲು ಸಡಿಲವಾಗಿರಬೇಕು. ಜೊತೆಗೆ ಉಸಿರು ತೆಗೆದುಕೊಳ್ಳುವ ಜಾಗವನ್ನು ಅರ್ಥ ನೋಡಿ ಗೊತ್ತುಮಾಡಬೇಕು. ‘ಸಕಲಲೋಕೈಕವೀರನಾದ ನನ್ನೆದುರು ನಿಂತು ಮಾತನಾಡುವ ಧೈರ್ಯವೇ ನಿನಗೆ’ ಎಂಬಂಥ ಒಂದು ವಾಕ್ಯ ಇದೆ ಎನ್ನಿ. ಸಮಾಸದ ನಡುವೆ ಉಸಿರು ತೆಗೆದರೆ ಪದವೇ ಒಡೆಯುತ್ತದೆ. ‘ನನ್ನೆದುರು’ ಆದಮೇಲೆ ತೆಗೆದರೆ ‘ನಿಂತು’ ಎಂಬ ಬರೀ ಕ್ರಿಯೆಗೆ ಬೇಡದ ತೂಕ ಬರುತ್ತದೆ. ‘ಮಾತನಾಡುವ’ ಆದಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಉಸಿರು ತೆಗೆದು ‘ಧೈರ್ಯ’ವನ್ನು ಎತ್ತಿದರೆ ಮಹಾಪ್ರಾಣಕ್ಕೆ ಬೇಕಾದ ಗಾಳಿಯೂ ಸಿಗುತ್ತದೆ, ಕೋಪವೂ ಸರಿಯಾದ ಪದದ ಮೇಲೆ ಬೀಳುತ್ತದೆ. ಇಂಥ ನೂರಾರು ಲೆಕ್ಕಾಚಾರಗಳನ್ನು ಯಾರೂ ಪುಸ್ತಕದಿಂದ ಕಲಿಯಲಿಲ್ಲ. ಪ್ರೇಕ್ಷಕ ‘ಒನ್ಸ್ ಮೋರ್’ ಎಂದ ದಿನ ಸರಿ, ಕೆಮ್ಮಿದ ದಿನ ತಪ್ಪು.

ತಂದೆಯ ರಾಕ್ಷಸ ಪಾತ್ರಗಳ ಸಾಲು ಮಗನಲ್ಲಿ ಮುಂದುವರಿದ ರೀತಿ ನೋಡಿದರೆ ಈ ಬಳುವಳಿಯ ಆಳ ತಿಳಿಯುತ್ತದೆ. 1958ರ ‘ಭೂಕೈಲಾಸ’ದಲ್ಲಿ ರಾವಣ. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷಾಸುರ. 1983ರಲ್ಲಿ, ಐವತ್ತು ದಾಟಿದ ಮೇಲೆ, ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪು, ಪ್ರಹ್ಲಾದನಾಗಿ ಸ್ವಂತ ಮಗ ಪುನೀತ್. ಇಪ್ಪತ್ತೈದು ವರ್ಷದ ಅಂತರದ ಈ ಮೂರು ಪಾತ್ರಗಳಲ್ಲಿ ಗಂಟಲಿನ ಬಳಕೆ ಬೇರೆ ಬೇರೆ. ಮೊದಲ ಎರಡರಲ್ಲಿ ಟೆಂಟಿನ ಗಾಳಿ ಇನ್ನೂ ಇದೆ. ಮಾತು ಕೊನೆಯ ಬೆಂಚಿಗೆ ಗುರಿಯಿಟ್ಟಿದೆ. ಮೂರನೆಯದರಲ್ಲಿ ಗರ್ಜನೆ ಹತ್ತಿರದಿಂದಲೇ ಕೇಳಿದರೂ ಕಿವಿ ಒಡೆಯುವುದಿಲ್ಲ, ಏಕೆಂದರೆ ಸದ್ದಿಗಿಂತ ತೂಕ ಹೆಚ್ಚು. ನಡುವಿನ ಕಾಲದಲ್ಲಿ ಅವರು ಮೈಕನ್ನು ಅರ್ಥಮಾಡಿಕೊಂಡಿದ್ದರು.

ರಂಗದಿಂದ ತೆರೆಗೆ ಬಂದವರೆಲ್ಲ ದಾಟಲಾಗದ ಹಳ್ಳ ಇದೇ. ರಂಗದ ನಟ ಹುಬ್ಬನ್ನು ಒಂದು ಇಂಚು ಎತ್ತಿದರೆ ಮೂವತ್ತನೇ ಸಾಲಿಗೆ ಕಾಣಿಸುತ್ತದೆ. ಅದೇ ಹುಬ್ಬು ಕ್ಲೋಸಪ್ಪಿನಲ್ಲಿ ಹತ್ತು ಅಡಿ ಎತ್ತರ ಹಾರುತ್ತದೆ. ರಂಗದಲ್ಲಿ ಎಲ್ಲಿ ನಿಂತರೂ ನಡೆಯುತ್ತದೆ. ಕ್ಯಾಮೆರಾ ಮುಂದೆ ನೆಲದ ಮೇಲಿನ ಸೀಮೆಸುಣ್ಣದ ಗುರುತಿನಿಂದ ಅರ್ಧ ಅಡಿ ಸರಿದರೆ ಮುಖ ಮಸುಕಾಗುತ್ತದೆ. ರಂಗದಲ್ಲಿ ದುಃಖ ಒಂದೇ ಓಟದಲ್ಲಿ ಏರುತ್ತದೆ. ಸಿನಿಮಾದಲ್ಲಿ ಮೊದಲು ಕಣ್ಣೀರು, ಊಟದ ನಂತರ ಅದಕ್ಕೆ ಕಾರಣವಾದ ಮಾತು. ಮಹಾಪ್ರಾಣಗಳದ್ದು ಇನ್ನೊಂದು ತೊಡಕು. ‘ಭ’, ‘ಘ’, ‘ಧ’ ಹೇಳುವಾಗ ಬಾಯಿಂದ ಹೊರಬೀಳುವ ಗಾಳಿ ಮೈಕಿಗೆ ನೇರ ಬಡಿದರೆ ಧಪ್ಪೆಂದು ಸದ್ದಾಗುತ್ತದೆ. ಅಂಜಿದ ನಟ ‘ಭಕ್ತಿ’ಯನ್ನು ‘ಬಕ್ತಿ’ ಮಾಡುತ್ತಾನೆ. ಪರಿಹಾರ ಬೇರೆ: ಮೈಕಿನಿಂದ ಮುಕ್ಕಾಲು ಅಡಿಯೋ ಒಂದಡಿಯೋ ಹಿಂದೆ ನಿಂತು, ಮುಖವನ್ನು ತುಸು ಓರೆ ಹಿಡಿದರೆ ಗಾಳಿ ಪಕ್ಕಕ್ಕೆ ಹೋಗುತ್ತದೆ, ಅಕ್ಷರ ಉಳಿಯುತ್ತದೆ. ರಾಜ್‌ಕುಮಾರ್ ಚಿತ್ರಗಳಲ್ಲಿ ಮಹಾಪ್ರಾಣ ಬಿದ್ದುಹೋದ ಮಾತನ್ನು ಹುಡುಕುವುದು ಕಷ್ಟದ ಕೆಲಸ. ಗಡಿಯೂರಿನ ಆಡುಮಾತಿನಲ್ಲಿ ಬೆಳೆದ, ಶಾಲೆಯ ವ್ಯಾಕರಣ ಕಾಣದ ಮನುಷ್ಯನಿಗೆ ಇದು ಬಂದದ್ದು ಪಾರ್ಟು ಒಪ್ಪಿಸಿ ಒಪ್ಪಿಸಿ.

ಅವರ ಮೊದಲ ಚಿತ್ರಗಳ ಕಾಲದಲ್ಲಿ ಸ್ಟುಡಿಯೋ ಫ್ಲೋರಿನಲ್ಲಿ ಮಾತನ್ನು ನೇರವಾಗಿಯೇ ಮುದ್ರಿಸಿಕೊಳ್ಳುವುದಿತ್ತು. ಹೊರಾಂಗಣ ಚಿತ್ರೀಕರಣ ಹೆಚ್ಚಾದಂತೆ, ಹೊಲಿಗೆ ಯಂತ್ರದಂತೆ ಸದ್ದು ಮಾಡುವ ಹಗುರ ಕ್ಯಾಮೆರಾಗಳು ಬಂದು, ಮಾತನ್ನೆಲ್ಲ ಆಮೇಲೆ ಡಬ್ ಮಾಡುವುದೇ ರೂಢಿಯಾಯಿತು. ಆಗಿನ ಡಬ್ಬಿಂಗ್ ಈಗಿನಂತೆ ಮೌಸ್ ಒತ್ತಿ ಒಂದು ಪದ ತಿದ್ದುವ ಕೆಲಸವಲ್ಲ. ಫಿಲ್ಮಿನ ತುಂಡನ್ನು ತುದಿಗೆ ತುದಿ ಅಂಟಿಸಿ ಲೂಪ್ ಮಾಡಿ ಓಡಿಸುತ್ತಿದ್ದರು. ಅದೇ ದೃಶ್ಯ ತಿರುತಿರುಗಿ ಬರುತ್ತಿರುತ್ತದೆ, ನಟ ತುಟಿ ನೋಡಿ, ಹಿಂದಿನ ಉಸಿರು ಹಿಡಿದು, ಇಡೀ ತುಂಡನ್ನು ಒಂದೇ ಬಾರಿಗೆ ಹೇಳಿ ಮುಗಿಸಬೇಕು. ನಡುವೆ ಒಂದು ಪದ ತಪ್ಪಿದರೆ ಮೊದಲಿನಿಂದ. ಸೆಟ್ಟಿನಲ್ಲಿ ಎಲ್ಲಿ ಉಸಿರು ತೆಗೆದಿದ್ದೆ ಎಂದು ನೆನಪಿರುವವನಿಗೆ ಇದು ಸಲೀಸು. ಅಲ್ಲಿ ಮಾತನ್ನು ಹೇಗೋ ಉಗುಳಿ ಬಂದವನಿಗೆ ನರಕ.

ಹಣದ ಲೆಕ್ಕವೂ ಇದರೊಳಗೆ ಇದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ರೋಲು ಹನ್ನೊಂದು ನಿಮಿಷಕ್ಕೆ ಖಾಲಿ. ಎರಡೂವರೆ ಗಂಟೆಯ ಚಿತ್ರ ಎಂದರೆ 13,500 ಅಡಿ. ಸರಾಸರಿ ಮೂರು ಟೇಕ್ ಆದರೆ 40,500 ಅಡಿ ಕಚ್ಚಾ ಫಿಲ್ಮು ಬೇಕು. ಸರಾಸರಿ ಎರಡಕ್ಕೆ ಇಳಿದರೆ ಹದಿಮೂರು ರೋಲು ಉಳಿಯಿತು. ಫಿಲ್ಮು ಹೊರದೇಶದಿಂದ ಬರುತ್ತಿದ್ದ, ಲೈಸೆನ್ಸಿನ ಮೇಲೆ ಸಿಗುತ್ತಿದ್ದ ಕಾಲದಲ್ಲಿ, ಸಾಲ ಮಾಡಿ ಮದ್ರಾಸಿಗೆ ಬಂದ ಕನ್ನಡ ನಿರ್ಮಾಪಕನಿಗೆ ಮೊದಲ ಟೇಕಿಗೇ ಮಾತು ಒಪ್ಪಿಸುವ ನಟ ದೇವರಂತೆ ಕಂಡಿದ್ದರೆ ಆಶ್ಚರ್ಯವೇನು? 1954ರಿಂದ 1968ರೊಳಗೆ ‘ಭಾಗ್ಯದ ಬಾಗಿಲು’ ಎಂಬ ನೂರನೇ ಚಿತ್ರ. 1973ಕ್ಕೆ ‘ಗಂಧದ ಗುಡಿ’ ಎಂಬ ನೂರೈವತ್ತನೆಯದು. ಅಂದರೆ ಐದು ವರ್ಷದಲ್ಲಿ ಐವತ್ತು, ವರ್ಷಕ್ಕೆ ಹತ್ತು. ಇದು ಜನಪ್ರಿಯತೆಯೊಂದರಿಂದ ಆಗುವ ಮಾತಲ್ಲ. ಬೆಳಗ್ಗೆ ದಾಸ, ಮಧ್ಯಾಹ್ನ ಸಿಐಡಿ, ನಾಳೆ ಕೃಷ್ಣದೇವರಾಯ ಎಂದು ಬದಲಾಯಿಸಿಕೊಳ್ಳಬಲ್ಲ ರೂಢಿ, ಕಂಪನಿಯಲ್ಲಿ ದಿನಕ್ಕೊಂದು ನಾಟಕ ಕಟ್ಟಿದವರಿಗೆ ಮಾತ್ರ ಬರುವಂಥದ್ದು. ಆ ಬಳಿಕದ ಐವತ್ತಕ್ಕೆ ಹದಿನೈದು ವರ್ಷ ಹಿಡಿಯಿತು. ಇನ್ನೂರನೆಯದಾದ ‘ದೇವತಾ ಮನುಷ್ಯ’ 1988ರದು.

ಕನ್ನಡದಲ್ಲಿ ಚಿತ್ರಗಳೇ ವಿರಳವಾಗಿದ್ದ 1950ರ ದಶಕದ ಕೊನೆಯಲ್ಲಿ ಈ ಗುಂಪು ಮಾಡಿದ ಕೆಲಸವನ್ನು ಇಲ್ಲಿ ಮರೆಯಬಾರದು. ಕೈಯಲ್ಲಿ ಚಿತ್ರವಿಲ್ಲದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಸಿನಿಮಾವಾಗಿ ಗೆದ್ದಿದ್ದ ‘ಬೇಡರ ಕಣ್ಣಪ್ಪ’ವನ್ನೇ ನಾಟಕ ಮಾಡಿ ಊರೂರಿಗೆ ಒಯ್ದರು. ಹೀಗೆ ಒಗ್ಗಟ್ಟಿನಿಂದ ದುಡಿದು 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಸಿನಿಮಾ ಕೈಬಿಟ್ಟಾಗ ಹಿಂದಿರುಗಲು ರಂಗ ಇತ್ತು. ಇವತ್ತಿನ ಯುವನಟನಿಗೆ ಚಿತ್ರ ಸೋತರೆ ಹಿಂದಿರುಗುವ ಜಾಗ ಯಾವುದು? ರಿಯಾಲಿಟಿ ಶೋ.

ಹಾಡಿನ ಕಥೆ ಹೆಚ್ಚಿನವರಿಗೆ ಗೊತ್ತು, ಆದರೆ ಅದನ್ನು ಪವಾಡದಂತೆ ಹೇಳುವುದುಂಟು. ‘ಮಹಿಷಾಸುರ ಮರ್ದಿನಿ’ಯಲ್ಲೇ ಅವರು ಎಸ್. ಜಾನಕಿಯವರೊಂದಿಗೆ ಹಾಡಿದ್ದರು. ಅದಾದ ಮೇಲೆ ವರ್ಷಾನುಗಟ್ಟಲೆ ಪಿ.ಬಿ. ಶ್ರೀನಿವಾಸ್ ಅವರ ಕಂಠ. ಪಿ.ಬಿ.ಎಸ್. ದನಿ ತಗ್ಗುಸ್ಥಾಯಿಯ ಮಖಮಲ್ಲು. ರಾಜ್ ಮಾತಿನ ದನಿ ಅದಕ್ಕಿಂತ ಎತ್ತರದ್ದು, ಅಂಚು ಹರಿತವಾದದ್ದು. ಲೆಕ್ಕದಲ್ಲಿ ಎರಡೂ ಕೂಡಬಾರದು. ಆದರೂ ಕೂಡಿದವು, ಏಕೆಂದರೆ ತುಟಿ ಆಡಿಸುವಾಗ ರಾಜ್ ಬರೀ ತುಟಿ ಆಡಿಸುತ್ತಿರಲಿಲ್ಲ. ಗಾಯಕ ಉಸಿರು ತೆಗೆದ ಕಡೆ ಇವರ ಎದೆ ಏರುತ್ತದೆ, ಗಮಕ (ಸ್ವರದ ತೂಗಾಟ) ಬಂದ ಕಡೆ ಕುತ್ತಿಗೆ ತುಸು ಅಲುಗುತ್ತದೆ. ಹಾಡಬಲ್ಲವನು ಮಾತ್ರ ಹಾಡದೆಯೂ ಹೀಗೆ ಹಾಡಬಲ್ಲ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ‘ಯಾರೇ ಕೂಗಾಡಲಿ’ ಹಾಡಿದ ಮೇಲೆ ಅವರ ಹಾಡುಗಳು ಅವರ ಕಂಠಕ್ಕೇ ಬಂದವು. ಆ ಚಿತ್ರದ ಮೂಲ ಪಿ.ಬಿ. ಧುತ್ತರಗಿಯವರ ಕಂಪನಿ ನಾಟಕ ಎಂಬುದೂ ನೆನಪಿರಲಿ. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡು ಶಾಸ್ತ್ರೀಯವಲ್ಲ, ಸುಗಮವಲ್ಲ, ರಂಗಗೀತೆಯ ಧಾಟಿಯೇ. ಪಿ.ಬಿ.ಎಸ್. ಅವರನ್ನು ಪ್ರೀತಿಸಿದವರಿಗೆ ಅದು ನಷ್ಟದ ದಿನವೂ ಹೌದು, ಅದನ್ನು ಮುಚ್ಚಿಡಬೇಕಿಲ್ಲ. 1992ರಲ್ಲಿ, ಅರವತ್ತು ದಾಟಿದ ಮೇಲೆ, ‘ಜೀವನ ಚೈತ್ರ’ದಲ್ಲಿ ತೋಡಿ ರಾಗದ ‘ನಾದಮಯ’ ಹಾಡಿ ಅತ್ಯುತ್ತಮ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ಪಡೆದರು. ಇದರ ಹಿಂದೆ ಯೋಗವೂ ಇತ್ತು. ಹೊನ್ನಪ್ಪ ನಾಯ್ಕರ್ ಅವರಲ್ಲಿ ಕಲಿತ ಆಸನಗಳನ್ನು ‘ಕಾಮನಬಿಲ್ಲು’ ಚಿತ್ರದಲ್ಲಿ ನೋಡಬಹುದು. ಆ ವಯಸ್ಸಿನಲ್ಲಿ ಹೊಟ್ಟೆಯ ಸ್ನಾಯು ಅಷ್ಟು ಹಿಡಿತದಲ್ಲಿದ್ದರೆ ತಾರಸ್ಥಾಯಿ ಉಳಿಯುವುದು ಸಹಜ.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಿಲ್ಲ. 1975ರ ‘ತ್ರಿಮೂರ್ತಿ’ಯಿಂದ ಪತ್ನಿ ಪಾರ್ವತಮ್ಮ ನಿರ್ಮಾಣಕ್ಕೆ ಇಳಿದ ಮೇಲೆ ರಾಜ್‌ಕುಮಾರ್ ಚಿತ್ರಗಳು ತಯಾರಾದ ರೀತಿ ಸಿನಿಮಾ ಕಂಪನಿಯದ್ದಕ್ಕಿಂತ ನಾಟಕ ಕಂಪನಿಯದ್ದು. ಯಜಮಾನಿಕೆ ಮನೆಯಲ್ಲಿ. ಕಥೆ ಕೇಳಿ ಆಗಲಿ ಎನ್ನುವುದು ರಾಜ್ ಅವರ ತಮ್ಮ ವರದಪ್ಪ. ಮಾತು, ಹಾಡು ಎರಡಕ್ಕೂ ಚಿ. ಉದಯಶಂಕರ್. ಸಂಗೀತಕ್ಕೆ ಉಪೇಂದ್ರಕುಮಾರ್, ರಾಜನ್-ನಾಗೇಂದ್ರರಂಥ ಪರಿಚಿತ ಕೈಗಳು. ಎದುರಾಳಿಗೆ ವಜ್ರಮುನಿ, ತೂಗುದೀಪ ಶ್ರೀನಿವಾಸ್; ಹಿರಿಯರಿಗೆ ಅಶ್ವಥ್, ಬಾಲಕೃಷ್ಣ. ಕಿವಿ ಮಂದವಾಗಿದ್ದ ಬಾಲಕೃಷ್ಣ ಎದುರಿನವರ ತುಟಿ ನೋಡಿಯೇ ತಮ್ಮ ಮಾತಿನ ಸಮಯ ಹಿಡಿಯುತ್ತಿದ್ದರು. ಒಬ್ಬರ ಲಯ ಒಬ್ಬರಿಗೆ ಮೈಗೂಡಿದ ತಂಡದಲ್ಲಿ ಮಾತ್ರ ಅಂಥ ನಟ ಅಷ್ಟು ಕಾಲ ಬಾಳಲು ಸಾಧ್ಯ. ಉದಯಶಂಕರ್ ಬರೆಯುವಾಗಲೇ ಈ ಕಂಠದ ಉಸಿರಿಗೆ ತಕ್ಕಂತೆ ವಾಕ್ಯ ಕತ್ತರಿಸುತ್ತಿದ್ದರು ಅನ್ನಿಸುತ್ತದೆ: ಚಿಕ್ಕ ಚಿಕ್ಕ ಎರಡು ವಾಕ್ಯ, ಆಮೇಲೆ ಒಂದು ಉದ್ದದ್ದು, ಕೊನೆಗೆ ಪ್ರಶ್ನೆ. 1993ರಲ್ಲಿ ಉದಯಶಂಕರ್ ತೀರಿಕೊಂಡ ಮೇಲೆ ರಾಜ್ ನಟಿಸಿದ ಚಿತ್ರಗಳು ಬೆರಳೆಣಿಕೆಯಷ್ಟು. ಕೊನೆಯದು 2000ದ ‘ಶಬ್ದವೇಧಿ’. ವಯಸ್ಸು ಒಂದು ಕಾರಣ. ಕಂಪನಿ ಕರಗಿದ್ದೂ ಒಂದು ಕಾರಣವಿರಬಹುದು.

ಆ ವ್ಯವಸ್ಥೆಗೆ ತನ್ನದೇ ಬೆಲೆಯೂ ಇತ್ತು. 1960ರ ದಶಕದ ರಾಜ್‌ಕುಮಾರ್ ಕನಕದಾಸ, ಕಬೀರ, ಸರ್ವಜ್ಞ, ರಾಘವೇಂದ್ರ ಸ್ವಾಮಿ, ಹರಿಶ್ಚಂದ್ರ ಎಲ್ಲ ಆಗಬಲ್ಲವರಾಗಿದ್ದರು. 1975ರ ನಂತರ ನಾಯಕ ಕುಡಿಯಬಾರದು, ಸೇದಬಾರದು, ಸೋಲಬಾರದು, ಅಭಿಮಾನಿ ನೊಂದುಕೊಳ್ಳಬಾರದು ಎಂಬ ಬೇಲಿ ಬಿಗಿಯಾಯಿತು. 1970ರಿಂದ ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ದೇಶದ ಗಮನ ಸೆಳೆಯುತ್ತಿದ್ದಾಗ ಅವುಗಳಲ್ಲಿ ಕನ್ನಡದ ಅತ್ಯಂತ ಪಳಗಿದ ನಟ ಇರಲಿಲ್ಲ. ಅವರು ಕರೆಯಲಿಲ್ಲ, ಇವರು ಹೋಗಲಿಲ್ಲ. ‘ಕಸ್ತೂರಿ ನಿವಾಸ’ದ ಸೋತ ಶ್ರೀಮಂತನನ್ನು, ‘ಸನಾದಿ ಅಪ್ಪಣ್ಣ’ದ ಮುದಿ ವಾದ್ಯಗಾರನನ್ನು ಕಂಡವರಿಗೆ ಅದು ಎಷ್ಟು ದೊಡ್ಡ ಕೊರತೆ ಎಂದು ಗೊತ್ತು.

ಕಂಪನಿ ಜೀವನವನ್ನೂ ಹಾಡಿ ಹೊಗಳುವುದು ಬೇಡ. ಮಕ್ಕಳು ಶಾಲೆ ಬಿಟ್ಟು ದುಡಿದರು. ಕ್ಯಾಂಪು ನಷ್ಟವಾದರೆ ಸಂಬಳ ಇಲ್ಲ, ಊಟವೇ ಸಂಬಳ. ಒಬ್ಬ ಮುತ್ತುರಾಜ ಮೇಲೆ ಬಂದ ದಾರಿಯಲ್ಲಿ ಹೆಸರಿಲ್ಲದೆ ಮುಗಿದವರು ಎಷ್ಟೋ ಮಂದಿ. ಆ ಶಾಲೆಯನ್ನು ಇದ್ದ ಹಾಗೇ ತೆರೆಯಲಾಗದು, ತೆರೆಯಲೂಬಾರದು. ಅದು ಕೊಡುತ್ತಿದ್ದದ್ದರಲ್ಲಿ ಯಾವುದು ಇವತ್ತು ಎಲ್ಲೂ ಸಿಗುತ್ತಿಲ್ಲ ಎಂದು ಕೇಳಬಹುದು, ಅಷ್ಟೆ.

ನಟರನ್ನು ತಯಾರಿಸುವ ಜಾಗಗಳು ಈಗಲೂ ಇವೆ. ಹೆಗ್ಗೋಡಿನ ನೀನಾಸಮ್ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಅಲ್ಲಿಂದ ಬಂದ ಅಚ್ಯುತ್ ಕುಮಾರ್ ಅವರಂಥವರು ಇವತ್ತಿನ ಚಿತ್ರಗಳಿಗೆ ಬೆನ್ನೆಲುಬು. ಮೈಸೂರಿನ ರಂಗಾಯಣ 1989ರಿಂದ ಇದೆ. ಬೆಂಗಳೂರಿನ ಸಂಚಾರಿ ತಂಡದಿಂದ ಬಂದ ಸಂಚಾರಿ ವಿಜಯ್ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಇವೆಲ್ಲ ಪಾತ್ರವನ್ನು ಒಳಗಿನಿಂದ ಯೋಚಿಸುವುದನ್ನು, ಮೈಯನ್ನು ಬಳಸುವುದನ್ನು ಕಂಪನಿಗಿಂತ ಚೆನ್ನಾಗಿಯೇ ಕಲಿಸುತ್ತವೆ. ಕೊರತೆ ಆವರ್ತನೆಯಲ್ಲಿ. ಊರೂರು ಸುತ್ತುವ ನೀನಾಸಮ್ ತಿರುಗಾಟ ತಂಡ ಒಂದು ವರ್ಷದಲ್ಲಿ ನೂರರ ಆಸುಪಾಸು ಪ್ರದರ್ಶನ ಕೊಡುತ್ತದೆ. ಹವ್ಯಾಸಿ ತಂಡದ ಒಂದು ನಾಟಕ ಹತ್ತು ಪ್ರದರ್ಶನ ಕಂಡರೆ ಹಬ್ಬ. ಒಂದೇ ಮಾತನ್ನು ಮುನ್ನೂರು ಸಲ, ಮುನ್ನೂರು ಬಗೆಯ ಪ್ರೇಕ್ಷಕರ ಮುಂದೆ ಹೇಳಿದಾಗ ಬರುವ ಸಡಿಲ ಹತ್ತು ಸಲಕ್ಕೆ ಬರುವುದಿಲ್ಲ. ಅಲ್ಲದೆ ರಂಗಶಾಲೆಯವರಿಗೆ ಸಿನಿಮಾ ಕೊಡುವುದು ಪೋಷಕ ಪಾತ್ರ. ನಾಯಕ ಬೇರೆ ಬಾಗಿಲಿನಿಂದ ಬರುತ್ತಾನೆ.

ಧಾರಾವಾಹಿ ಈಗಿನ ನಿಜವಾದ ತರಬೇತಿ ಕೇಂದ್ರ. ಅಲ್ಲಿ ನಡೆಯುವುದು ಪ್ರಾಂಪ್ಟಿಂಗ್: ಸಹಾಯಕ ನಿರ್ದೇಶಕ ಕ್ಯಾಮೆರಾ ಪಕ್ಕದಲ್ಲಿ ನಿಂತು ನಾಲ್ಕು ಪದ ಓದುತ್ತಾನೆ, ನಟ ಆ ನಾಲ್ಕು ಪದ ಹೇಳುತ್ತಾನೆ, ಮತ್ತೆ ನಾಲ್ಕು. ದಿನಕ್ಕೆ ಇಷ್ಟು ನಿಮಿಷ ತೆಗೆಯಲೇಬೇಕು ಎಂಬ ಒತ್ತಡಕ್ಕೆ ಬೇರೆ ದಾರಿ ಇಲ್ಲ, ಒಪ್ಪೋಣ. ಆದರೆ ಎರಡು ವರ್ಷ ಹೀಗೆ ದುಡಿದ ನಟನಿಗೆ ಒಂದು ಪೂರ್ತಿ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹಿಡಿಯುವ ಶಕ್ತಿ ಹೋಗಿರುತ್ತದೆ. ಕಿವಿ ಎದುರಿನ ಪಾತ್ರದ ಕಡೆ ಇರದೆ ಪ್ರಾಂಪ್ಟರ್ ಕಡೆ ಇರುತ್ತದೆ. ಕಣ್ಣಿನಲ್ಲಿ ಅದು ಗೊತ್ತಾಗುತ್ತದೆ. ಇಂಥ ನಟ ಸಿನಿಮಾಕ್ಕೆ ಬಂದಾಗ ಅಂಗಿಯೊಳಗಿನ ಲೇಪಲ್ ಮೈಕು ಇನ್ನೊಂದು ಊರುಗೋಲು. ಮೈಕು ಎದೆಯ ಮೇಲೇ ಇದೆ ಎಂದು ಪಿಸುಗುಟ್ಟುತ್ತಾನೆ. ಪದದ ಕೊನೆಯ ವ್ಯಂಜನಗಳು ನುಂಗಿಹೋಗುತ್ತವೆ. ಮಿಕ್ಸಿಂಗಿನಲ್ಲಿ ದನಿ ಏರಿಸಿದರೆ ಬಟ್ಟೆಯ ಸರಸರವೂ ಏರುತ್ತದೆ, ಅದನ್ನು ಮುಚ್ಚಲು ಹಿನ್ನೆಲೆ ಸಂಗೀತ ಏರಿಸುತ್ತಾರೆ. ಚಿತ್ರಮಂದಿರದಿಂದ ಹೊರಬಂದವರು ಮಾತೇ ಅರ್ಥವಾಗಲಿಲ್ಲ ಎನ್ನುವುದು ಇದರಿಂದ.

ಯಂತ್ರ ಇದನ್ನು ಸರಿಪಡಿಸೀತೇ? 2022ರ ‘ಜೇಮ್ಸ್’ ಪುನೀತ್ ತೀರಿಕೊಂಡ ಮೇಲೆ ಬಿಡುಗಡೆಯಾದಾಗ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಆಮೇಲೆ ತಂತ್ರಜ್ಞಾನದಿಂದ ಪುನೀತ್ ದನಿಯನ್ನೇ ಕೂಡಿಸಿದ ಪ್ರತಿ ಬಂತು. ಈಗ ಇಂಥ ಉಪಕರಣಗಳು ಇನ್ನೂ ಮುಂದೆ ಹೋಗಿವೆ. ಅವು ದನಿಯ ನಯ-ಒರಟನ್ನು, ದನಿಯ ಬಣ್ಣವನ್ನು ಕೊಡಬಲ್ಲವು. ಆದರೆ ಯಾವ ಪದದ ಮುಂದೆ ನಿಲ್ಲಬೇಕು, ಎಲ್ಲಿ ಉಸಿರು ತೆಗೆಯಬೇಕು, ‘ಧೈರ್ಯ’ಕ್ಕೆ ಎಷ್ಟು ಗಾಳಿ ಕೊಡಬೇಕು ಎಂಬುದನ್ನು ಯಾರಾದರೂ ಒಬ್ಬ ಮನುಷ್ಯ ಮೊದಲು ಹೇಳಿ ತೋರಿಸಬೇಕಾಗುತ್ತದೆ, ಅಥವಾ ಹಳೆಯ ಮುದ್ರಣದಿಂದ ಎರವಲು ತರಬೇಕಾಗುತ್ತದೆ. ರಾಜ್‌ಕುಮಾರ್ ದನಿಯ ನಕಲನ್ನು ತೊದಲು ಉಚ್ಚಾರದವನ ಬಾಯಿಗೆ ಹಾಕಿದರೆ ಅದು ತೊದಲುವ ರಾಜ್‌ಕುಮಾರ್ ಆಗುತ್ತದೆ.

ವೃತ್ತಿ ಕಂಪನಿಗಳು ಪೂರ್ತಿ ಹೋಗಿಲ್ಲ. ಜನವರಿಯ ಬನಶಂಕರಿ ಜಾತ್ರೆಗೆ ಬಾದಾಮಿಯ ಪಕ್ಕ ಇವತ್ತಿಗೂ ಹಲವು ಕಂಪನಿಗಳು ಟೆಂಟು ಹಾಕುತ್ತವೆ, ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲೂ ನೋಡಬಹುದು. ಅಲ್ಲಿನ ಹಾಸ್ಯನಟರ ಸಮಯಪ್ರಜ್ಞೆ ಯಾವ ರಂಗಶಾಲೆಯವರಿಗೂ ಪಾಠ. ಆದರೆ ರಂಗದ ಮೇಲೆ ಸಾಲಾಗಿ ಮೈಕು ತೂಗುತ್ತವೆ. ನಟ ಮಾತಿಗೆ ಮುಂಚೆ ಮೈಕಿನ ಕೆಳಗೆ ಬಂದು ನಿಲ್ಲುತ್ತಾನೆ. ಕಂದಪದ್ಯದ ಜಾಗದಲ್ಲಿ ಸಿನಿಮಾ ಹಾಡಿನ ಟ್ರ್ಯಾಕು. ಕಾಲು ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂದಿದೆ. ಅದು ಶ್ರುತಿ ಹಿಡಿದುಕೊಂಡಿರುವುದಿಲ್ಲ, ನಗೆಗೊಂದು ಧಡ್ ಧಡ್ ಕೊಡುತ್ತದೆ. ಹೀಗಾಗಿ ಕಂಪನಿ ಉಳಿದರೂ ಅದರೊಳಗಿನ ಕಂಠಶಾಲೆ ಉಳಿದಿಲ್ಲ.

ಶತಮಾನೋತ್ಸವದ ಹಣದಲ್ಲಿ ಒಂದು ಪಾಲು ಇದಕ್ಕೆ ಹೋಗಬಹುದಾದರೆ ಬೇಕಾಗುವುದು ದೊಡ್ಡ ಕಟ್ಟಡವಲ್ಲ. ಹದಿನೈದು ಮಂದಿಯ ಒಂದು ತಂಡ, ಹದಿನೆಂಟು ವರ್ಷ ದಾಟಿದವರು, ತಿಂಗಳ ಸಂಬಳದ ಮೇಲೆ ಮೂರು ವರ್ಷ. ನಾಲ್ಕು ಪದ್ಯನಾಟಕ, ನಾಲ್ಕು ಸಾಮಾಜಿಕ. ವಾರಕ್ಕೆ ನಾಲ್ಕು ಪ್ರದರ್ಶನವೆಂದರೂ ಮಳೆಗಾಲ ಬಿಟ್ಟು ವರ್ಷಕ್ಕೆ ನೂರನಲವತ್ತರ ಮೇಲಾಗುತ್ತದೆ. ಮೊದಲ ವರ್ಷ ಮೈಕು ಇಲ್ಲ. ಪದ್ಯ ಹೇಳಿಕೊಡಬಲ್ಲ ಹಾರ್ಮೋನಿಯಂ ಮೇಷ್ಟರು ಇನ್ನೂ ಅಲ್ಲಲ್ಲಿ ಇದ್ದಾರೆ, ಎಲ್ಲರಿಗೂ ವಯಸ್ಸಾಗಿದೆ. ಮೂರನೇ ವರ್ಷ ಅದೇ ತಂಡವನ್ನು ಡಬ್ಬಿಂಗ್ ಕೋಣೆಗೆ ಒಯ್ದು, ಅದೇ ಮಾತುಗಳನ್ನು ಮೈಕಿನ ಮುಂದೆ ಒಂದಡಿ ದೂರದಲ್ಲಿ ಹೇಳಿಸಬೇಕು. ಟೆಂಟಿನಿಂದ ಮೈಕಿಗೆ ಇಳಿಯುವ ಈ ಹೆಜ್ಜೆಯನ್ನು ರಾಜ್‌ಕುಮಾರ್ ತಾವಾಗಿಯೇ, ಚಿತ್ರದಿಂದ ಚಿತ್ರಕ್ಕೆ, ಹದಿನೈದು ವರ್ಷ ತೆಗೆದುಕೊಂಡು ಕಲಿತರು. ಕಲಿಸುವವರಿದ್ದರೆ ಅಷ್ಟು ಬೇಕಾಗದು.

ಅಷ್ಟರೊಳಗೆ ಒಬ್ಬರೇ ಕೂತು ಕಲಿಯುವವರಿಗೆ ಸಾಮಗ್ರಿ ಕೈಯಲ್ಲೇ ಇದೆ. ‘ಭೂಕೈಲಾಸ’, ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’, ‘ಭಕ್ತ ಪ್ರಹ್ಲಾದ’ ಈ ನಾಲ್ಕನ್ನು ಇದೇ ಅನುಕ್ರಮದಲ್ಲಿ ತೆಗೆದುಕೊಳ್ಳಬೇಕು. ಪ್ರತಿಯೊಂದರಿಂದ ಐದು ನಿಮಿಷದ ಒಂದು ದೃಶ್ಯ. ಮೊದಲ ಸಲ ಪರದೆ ಮುಚ್ಚಿ ದನಿಯನ್ನಷ್ಟೇ ಕೇಳಿ, ಮಾತನ್ನು ಕೈಯಲ್ಲಿ ಬರೆದುಕೊಂಡು, ಉಸಿರು ಕೇಳಿಸಿದ ಕಡೆಯೆಲ್ಲ ಗೆರೆ ಎಳೆಯಬೇಕು. ಎರಡನೇ ಸಲ ದನಿ ಮುಚ್ಚಿ ಮುಖ ಮಾತ್ರ ನೋಡುತ್ತಾ ಎದೆ ಏರಿದ ಕಡೆ ಇನ್ನೊಂದು ಗುರುತು. ಎರಡೂ ಗುರುತು ಸೇರದ ಜಾಗಗಳು ಡಬ್ಬಿಂಗಿನಲ್ಲಿ ಬದಲಾಗಿರಬಹುದು. ಏಕೆ ಬದಲಾಯಿಸಿದರು ಎಂದು ಅಲ್ಲಿ ನಿಂತು ಯೋಚಿಸಬೇಕು. ಮೂರನೇ ಸಲ ಹಾರ್ಮೋನಿಯಂ ಇಲ್ಲದಿದ್ದರೆ ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಂಡು, ವಾಕ್ಯದ ಕೊನೆ ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂದು ಹುಡುಕಿ, ಆಮೇಲೆ ಬಾಯಿ ತೆರೆಯಬೇಕು.